ಬುರ್ಮಾಕಾನಳ ಪೊಟ್ಯಾಸಿಯಂ

ಆ ಏಪ್ರಿಕಾಟ್ ಕಣಿವೆಯ ಆಸ್ಪತ್ರೆಯಲ್ಲಿ ಯಾರಾದರೂ ನಂಬಲಾಗದ ಸುದ್ದಿ ತಂದರೆ "ಇದೇನು, ಬುರ್ಮಾಕಾನಳ ಪೊಟ್ಯಾಸಿಯಮ್ಮಾ?" ಎಂದು ಕೇಳುವುದು ಎರಡು ವರ್ಷದಿಂದ ರೂಢಿಯಾಗಿಬಿಟ್ಟಿತ್ತು. ಸಂಬಳ ಹೆಚ್ಚುತ್ತದಂತೆ ಎಂದು ಅಡುಗೆಯವಳು ಹೇಳಿದರೂ ಅದೇ ಮಾತು, ಐದು ಹೆಣ್ಣಿನ ಮೇಲೆ ಡ್ರೈವರನ ಹೆಂಡತಿ ಗಂಡು ಹೆತ್ತಳಂತೆ ಎಂದರೂ ಅದೇ ಮಾತು. ರಕ್ತ ಪರೀಕ್ಷೆಯ ಕೋಣೆಯಲ್ಲಿ ಇಪ್ಪತ್ತೇಳು ವರ್ಷ ಬೆನ್ನು ಬಗ್ಗಿಸಿ ದುಡಿದ ಹೆಂಗಸಿಗೆ ಊರು ಕೊಟ್ಟ ಬಿರುದು ಇದು!

ತಪ್ಪು ಅವಳದೇ. ಅದನ್ನು ಅವಳು ಯಾವತ್ತೂ ಅಲ್ಲಗಳೆದವಳಲ್ಲ. ಎರಡು ವರ್ಷದ ಹಿಂದಿನ ಆ ಜನವರಿಯಲ್ಲಿ ರಕ್ತದ ಕೊಳವೆಗಳನ್ನು ಕಿಟಕಿಯ ಹಲಗೆಯ ಮೇಲಿಟ್ಟು ಚಹಾಕ್ಕೆ ಹೋಗಿದ್ದಳು. ಚಳಿಗೆ ರಕ್ತಕಣಗಳು ಒಡೆದು, ಒಳಗಿದ್ದ ಪೊಟ್ಯಾಸಿಯಂ ಎಲ್ಲ ಹೊರಗೆ ಸೋರಿತ್ತು. ಯಂತ್ರ ಏಳು ಎಂದಿತು, ಇವಳು ಏಳು ಎಂದು ಬರೆದಳು. ಅದನ್ನು ನಂಬಿ ಹೃದ್ರೋಗ ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ಸಾರಿಬಾಯ್ ಒರ್ಮೊನೊವಿಚ್ ಪೊಟ್ಯಾಸಿಯಂ ಇಳಿಸಲು ಇನ್ಸುಲಿನ್ ಕೊಡಿಸಿದರು. ರೋಗಿ ಸಕ್ಕರೆ ಇಳಿದು, ಬೆವತು, ಮಂಚದಿಂದ ಕೆಳಗೆ ಬಿದ್ದ. ಬದುಕಿದ, ಪುಣ್ಯ. ಮರುದಿನ ಬೆಳಗಿನ ಸಭೆಯಲ್ಲಿ ಡಾಕ್ಟರು ಅವಳನ್ನು ಎಲ್ಲರೆದುರು ನಿಲ್ಲಿಸಿ ಬೈದರು. ಅವಳು ತಲೆ ತಗ್ಗಿಸಿ ಬೈಸಿಕೊಂಡಳು. ಅಲ್ಲಿಂದಾಚೆ ಒಂದು ಕೊಳವೆಯೂ ಆ ಕಿಟಕಿಯ ಹತ್ತಿರ ಸುಳಿದಿಲ್ಲ.

ಈಗ ಮಾರ್ಚ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಒಂಬತ್ತೂವರೆ. ಯಂತ್ರದ ಬಾಯಿಂದ ಬಂದ ಚೀಟಿಯನ್ನು ಬುರ್ಮಾಕಾನ್ ಎರಡು ಸಲ ಓದಿದಳು. ಕಲ್ಮುರ್ಜಾ, ಅರವತ್ತೆಂಟು ವರ್ಷ, ನಾಲ್ಕನೇ ವಾರ್ಡು, ಪೊಟ್ಯಾಸಿಯಂ 6.9.

ರಕ್ತದಲ್ಲಿ ಈ ಉಪ್ಪು ಮೂರೂವರೆಯಿಂದ ಐದರ ಒಳಗಿದ್ದರೆ ಹೃದಯ ತನ್ನ ಪಾಡಿಗೆ ತಾನು ನಡೆಯುತ್ತದೆ. ತೀರ ಇಳಿದರೆ ಕುಣಿಯತೊಡಗುತ್ತದೆ, ತೀರ ಏರಿದರೆ ಮಲಗಿಬಿಡುತ್ತದೆ. ಆರು ದಿನದ ಹಿಂದೆ ಹೃದಯಾಘಾತವಾದ ಮನುಷ್ಯನಿಗೆ ಏಳರ ಹತ್ತಿರ ಎಂದರೆ, ಅವನು ಈಗ ಮಾತಾಡುತ್ತಿದ್ದಾನೆ, ಮಧ್ಯಾಹ್ನಕ್ಕೆ ಏನೋ ಎಂತೋ.

'ಅಯ್ಯೋ ದೇವರೇ, ಮತ್ತೆ ಏಳಾ! ಮತ್ತೆ ನನ್ನ ಕೈಗೇ ಬರಬೇಕಿತ್ತಾ!' ಎಂದುಕೊಂಡು ಅವಳು ಕೊಳವೆಯನ್ನು ಬೆಳಕಿಗೆ ಹಿಡಿದಳು. ಕಣ ಒಡೆದಿದ್ದರೆ ಮೇಲಿನ ತಿಳಿ ಕೆಂಪಗೆ ಇರಬೇಕು. ಇದು ಒಣ ಹುಲ್ಲಿನ ಬಣ್ಣ, ಸ್ವಚ್ಛವಾಗಿತ್ತು. ಆದರೂ ಒಮ್ಮೆ ಸುಟ್ಟುಕೊಂಡ ಕೈಯಲ್ಲವೇ, ನಂಬಲಿಲ್ಲ. ಸೂಜಿ, ಹತ್ತಿ, ಹೊಸ ಕೊಳವೆ ತೆಗೆದುಕೊಂಡು ತಾನೇ ಮಹಡಿ ಹತ್ತಿದಳು.

ನಾಲ್ಕನೇ ವಾರ್ಡಿನಲ್ಲಿ ಕಲ್ಮುರ್ಜಾ ಅಜ್ಜ ದಿಂಬಿಗೆ ಒರಗಿ ಕೂತಿದ್ದ. ನಲವತ್ತು ವರ್ಷ ಏಪ್ರಿಕಾಟ್ ತೋಟದ ಮೇಸ್ತ್ರಿಯಾಗಿದ್ದವನು. ಪಕ್ಕದ ಮೇಜಿನ ಮೇಲೆ ಮೂರು ಲೀಟರಿನ ಗಾಜಿನ ಜಾಡಿ ತುಂಬ ಒಣ ಏಪ್ರಿಕಾಟ್ ಬೇಯಿಸಿದ ನೀರು, ಅದರ ಪಕ್ಕ ಬಟ್ಟೆ ಚೀಲದ ತುಂಬ ಒಣ ಏಪ್ರಿಕಾಟ್. ಕಿಟಕಿಯಲ್ಲಿ ಇನ್ನೂ ನಾಲ್ಕು ಚೀಲ. ನೋಡಲು ಬಂದ ನೆಂಟರೆಲ್ಲ ತಂದಿಟ್ಟು ಹೋದದ್ದು. ಈ ಕಣಿವೆಯಲ್ಲಿ ಹೃದಯದ ರೋಗಿಯನ್ನು ಬರಿಗೈಯಲ್ಲಿ ನೋಡಲು ಬಂದವರುಂಟೇ? ಏಪ್ರಿಕಾಟ್ ಹೃದಯಕ್ಕೆ ಒಳ್ಳೆಯದು ಎಂದು ಹಾಲು ಹಲ್ಲಿನ ಮಕ್ಕಳೂ ಹೇಳುತ್ತವೆ. ಡಾಕ್ಟರೂ ಹೇಳುತ್ತಾರೆ, ಸಾಲದ್ದಕ್ಕೆ ಗೋಡೆಯ ಮೇಲೆ ಚಿತ್ರ ಸಮೇತ ಅಂಟಿಸಿದ್ದಾರೆ.

"ಬಂದ್ಲಪ್ಪ ರಕ್ತ ಹೀರೋಳು. ಬೆಳಿಗ್ಗೆ ಕುಡಿದಿದ್ದು ಸಾಕಾಗ್ಲಿಲ್ವೇನೇ ಮಗಳೇ?" ಎಂದ ಅಜ್ಜ.

"ನಿನ್ನ ರಕ್ತ ಸಿಹಿ ಅಜ್ಜ, ಅದಕ್ಕೇ ಎರಡನೇ ಸಲ ಬಂದೆ. ಕೈ ಚಾಚು. ಮುಷ್ಟಿ ಬಿಗಿಬೇಡ, ರಬ್ಬರ್ ಪಟ್ಟೀನೂ ಕಟ್ಟಲ್ಲ." ಮುಷ್ಟಿ ಬಿಗಿದರೂ ಪಟ್ಟಿ ಕಟ್ಟಿದರೂ ಲೆಕ್ಕ ಏರುಪೇರಾಗುತ್ತದೆಂದು ಅವಳಿಗೆ ಗೊತ್ತು. "ಮೈಯಲ್ಲಿ ಹೇಗಿದೆ?"

"ಹೃದಯ ಆರಾಮ. ಕಾಲೇ ಯಾಕೋ ನಂದಲ್ಲ ಅನಿಸ್ತಿದೆ. ನೀರಲ್ಲಿ ನೆಂದ ಬೂಟು ಹಾಕ್ಕೊಂಡ ಹಾಗೆ, ಎತ್ತಕ್ಕೇ ಬರಲ್ಲ."

"ಮೂತ್ರ?"

"ಹೆಂಗಸರು ಕೇಳೋ ಮಾತೇನೇ ಅದು!"

"ನಿನ್ನೆಯಿಂದ ಎರಡೇ ಸಲ, ಅದೂ ಇಷ್ಟೇ ಇಷ್ಟು," ಎಂದಳು ಅವನ ಹೆಂಡತಿ ಶಾಯಿರ್‌ಕಾನ್, ಬಟ್ಟಲಿಗೆ ಜಾಡಿಯ ನೀರು ಬಗ್ಗಿಸುತ್ತಾ. "ಅದಕ್ಕೇ ನಾನು ಇದನ್ನ ಜಾಸ್ತಿ ಜಾಸ್ತಿ ಕುಡಿಸ್ತಾ ಇದೀನಿ."

ಬುರ್ಮಾಕಾನ್ ಆ ಬಟ್ಟಲನ್ನು ಅಜ್ಜನ ತುಟಿಯಿಂದ ಸರಕ್ಕನೆ ಕಿತ್ತುಕೊಂಡಳು.

"ಏ! ಏನೇ ಇದು? ಸಾಯೋ ಮನುಷ್ಯನ ಬಾಯಿಂದ ಕಿತ್ಕೋತೀಯಾ?"

"ಸಾಯ್ಬಾರ್ದು ಅಂತಲೇ ಕಿತ್ಕೊಂಡಿದ್ದು ಅಕ್ಕ. ಇದ್ರಲ್ಲಿ ಪೊಟ್ಯಾಸಿಯಂ ತುಂಬಾ ಇರುತ್ತೆ. ಮೂತ್ರಪಿಂಡ ಸರಿಯಿದ್ದೋರಿಗೆ ಹೊರಗೆ ಹೋಗುತ್ತೆ. ಅಜ್ಜನಿಗೆ ಹೋಗ್ತಿಲ್ಲ, ಒಳಗೇ ತುಂಬ್ಕೋತಿದೆ."

"ಏಪ್ರಿಕಾಟ್ ತಿಂದು ಸಾಯೋದಾಗಿದ್ರೆ ನಾನು ಹುಟ್ಟಿದ ವರ್ಷವೇ ಸಾಯ್ಬೇಕಿತ್ತು," ಎಂದ ಅಜ್ಜ. "ನಮ್ಮಪ್ಪ ತಿಂದ, ಅವರಪ್ಪ ತಿಂದ."

"ಅವರ್ಯಾರೂ ಇದರ ಜೊತೆ ಡಾಕ್ಟರ ಗುಳಿಗೆ ತಿನ್ಲಿಲ್ಲ. ಅತಿಯಾದ್ರೆ ಅಮೃತಾನೂ ವಿಷ ಅಜ್ಜ. ನಾನು ಕೆಳಗೆ ಹೋಗಿ ಬರೋವರೆಗೆ ಒಂದು ಹಣ್ಣೂ ಬಾಯಿಗೆ ಹಾಕ್ಬೇಡ, ನಿನ್ನ ಕಾಲು ಹಿಡ್ಕೋತೀನಿ."

"ಹಿಡ್ಕೋ, ಹಿಡ್ಕೋ. ನನಗಂತೂ ಗೊತ್ತಾಗಲ್ಲ," ಎಂದು ಅಜ್ಜ ನಕ್ಕ. ನಗುವಿನಲ್ಲಿ ಉಸಿರು ಸಾಲದೆ ಹೋಯಿತು.

ಎರಡನೇ ಚೀಟಿ 7.2 ಎಂದಿತು.

ಇದು ಹೇಗಾಯಿತೆಂದು ಅವಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಿಂದಿನ ಕಾಲದಲ್ಲಿ ಹೃದಯಾಘಾತದವರಿಗೆ ಕೊಡುತ್ತಿದ್ದ ಮೂತ್ರ ಹೆಚ್ಚಿಸುವ ಗುಳಿಗೆಗಳು ಪೊಟ್ಯಾಸಿಯಮ್ಮನ್ನು ತೊಳೆದು ಹೊರಗೆ ಹಾಕುತ್ತಿದ್ದವು. ಅದಕ್ಕೇ ಪೊಟ್ಯಾಸಿಯಂ, ಮೆಗ್ನೀಷಿಯಂ ಬೆರೆಸಿದ 'ಹೃದಯದ ಬಾಟಲಿ'ಯನ್ನು ದಿನಾ ಬೆಳಿಗ್ಗೆ ಹತ್ತಕ್ಕೆ ಎಲ್ಲರಿಗೂ ತೂಗುಹಾಕುವ ಪದ್ಧತಿ ಬಂತು. ಗುರು ಶಿಷ್ಯನಿಗೆ ಕಲಿಸಿದ, ಆ ಶಿಷ್ಯ ತನ್ನ ಶಿಷ್ಯನಿಗೆ. ಈಚೆಗೆ ಹೊಸ ಗುಳಿಗೆಗಳು ಬಂದವು. ಇವು ಒಳ್ಳೆಯವೇ, ಹೃದಯವನ್ನು ಕಾಪಾಡುತ್ತವೆ, ಆದರೆ ಪೊಟ್ಯಾಸಿಯಮ್ಮನ್ನು ಹೊರಗೆ ಬಿಡದೆ ಹಿಡಿದಿಡುತ್ತವೆ. ಹೊಸದು ಬಂತು, ಹಳೆಯ ಬಾಟಲಿ ಹೋಗಲಿಲ್ಲ. ಮೇಲೆ ಊರಿನ ಪ್ರೀತಿ, ಜಾಡಿಗಟ್ಟಲೆ. ಪಾಪ, ಮೂರು ಕಡೆಯಿಂದಲೂ ಒಳ್ಳೆಯದನ್ನೇ ಮಾಡಲು ಹೋಗಿ ಮುದುಕನನ್ನು ಮುಗಿಸುತ್ತಿದ್ದರು.

ಸಾರಿಬಾಯ್ ಒರ್ಮೊನೊವಿಚ್ ತಮ್ಮ ಕೋಣೆಯಲ್ಲಿ ಕಡತಗಳ ಮಧ್ಯೆ ಮುಳುಗಿದ್ದರು. ಬುಧವಾರ ಪ್ರಾಂತ್ಯದಿಂದ ತಪಾಸಣಾ ತಂಡ ಬರುವುದಿತ್ತು. ಒಳ್ಳೆಯ ವೈದ್ಯರು. ಸುಳ್ಳೇಕೆ, ಈ ಕಣಿವೆಯಲ್ಲಿ ಅರ್ಧ ಜನ ಅವರ ಕೈಗುಣದಿಂದ ಉಸಿರಾಡುತ್ತಿದ್ದರು. ಆದರೆ ಹಟಕ್ಕೆ ಬಿದ್ದರೆ ಬ್ರಹ್ಮ ಬಂದು ಹೇಳಿದರೂ ಕೇಳುವವರಲ್ಲ.

ಅವಳು ಎರಡೂ ಚೀಟಿಗಳನ್ನು ಮೇಜಿನ ಮೇಲಿಟ್ಟಳು. ಅವರು ಕನ್ನಡಕದ ಮೇಲಿಂದ ನೋಡಿ ಹಣೆ ಚಚ್ಚಿಕೊಂಡರು.

"ಬುರ್ಮಾಕಾನ್! ಮತ್ತೆ ಶುರು ಮಾಡಿದ್ಯಾ? ಈ ಸಲ ಎಲ್ಲಿಟ್ಟಿದ್ದೆ, ಮಂಜುಗಡ್ಡೆ ಮೇಲಾ, ಒಲೆ ಮೇಲಾ?"

"ಕೈಯಲ್ಲೇ ಹಿಡ್ಕೊಂಡು ಹೋಗಿದ್ದು. ತಿಳಿ ಸ್ವಚ್ಛವಾಗಿದೆ. ಎರಡನೇ ಸಲ ನಾನೇ ತೆಗೆದೆ, ಪಟ್ಟಿ ಕಟ್ಟಿಲ್ಲ. ಕಾಲು ಎತ್ತಕ್ಕಾಗ್ತಿಲ್ಲ ಅಂತಾರೆ, ಮೂತ್ರ ಕಟ್ಟಿದೆ. ಬಾಟಲಿ ನಿಲ್ಲಿಸಿ ಸಾರಿಬಾಯ್ ಒರ್ಮೊನೊವಿಚ್. ಒಂದು ಸಲ ಬಂದು ಇಸಿಜಿ ನೋಡಿ."

"ಶುಕ್ರವಾರ ನೋಡಿದೀನಿ, ಚೆನ್ನಾಗಿತ್ತು. ಮೂವತ್ತು ವರ್ಷದಿಂದ ಇದೇ ಬಾಟಲಿ ಎಷ್ಟು ಜನರನ್ನ ಎಬ್ಬಿಸಿ ಕೂರಿಸಿದೆ ಗೊತ್ತಾ? ನಿನ್ನ ಯಂತ್ರ ಬಂದು ಮೂರು ವರ್ಷ ಆಯ್ತು. ಅದು ಒಂದು ಸಲ ನನ್ನ ಮಾನ ಕಳೆದಿದೆ. ಸಾಕು."

"ಅವತ್ತು ತಪ್ಪು ನಂದು. ಒಪ್ಕೊಂಡೆ, ಬೈಸ್ಕೊಂಡೆ. ಹಾಗಂತ ಇವತ್ತಿನ ನಿಜಾನೂ ಸುಳ್ಳಾಗುತ್ತಾ?"

"ಮಧ್ಯಾಹ್ನ ರೌಂಡ್ಸಿಗೆ ಬಂದಾಗ ನೋಡ್ತೀನಿ. ಈಗ ಹೊರಡು, ನಂಗೆ ಸಾವಿರ ಕೆಲಸ ಇದೆ."

ಗಡಿಯಾರ ಹತ್ತಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಮಧ್ಯಾಹ್ನವಂತೆ! ಹತ್ತಕ್ಕೆ ಬಾಟಲಿ ಏರುತ್ತದೆ, ಮಧ್ಯಾಹ್ನದ ಹೊತ್ತಿಗೆ ಮೌಲ್ವಿಯನ್ನು ಕರೆಸಬೇಕಾಗುತ್ತದೆ. ಕೋಪ ಅವಳ ನೆತ್ತಿಗೇರಿತು. ಎರಡು ವರ್ಷ ನಗೆಪಾಟಲಾದದ್ದನ್ನು ನುಂಗಿಕೊಂಡಿದ್ದಳು. ಆ ನಗೆಗೆ ಒಬ್ಬ ಮನುಷ್ಯ ಬಲಿಯಾಗುವುದನ್ನು ಮಾತ್ರ ನುಂಗಿಕೊಳ್ಳಲು ಅವಳಿಂದಾಗಲಿಲ್ಲ.

ಅವಳು ವಾರ್ಡಿಗೆ ಬಂದಾಗ ನರ್ಸ್ ಆಯಿಮ್‌ಕುಲ್ ಆಗಲೇ ಬಾಟಲಿ ತೂಗುಹಾಕಿ ಸೂಜಿ ಜೋಡಿಸಿದ್ದಳು. ಕೊಳವೆಯಲ್ಲಿ ಹನಿ ಬೀಳಲು ಶುರುವಾಗಿತ್ತು. ಬುರ್ಮಾಕಾನ್ ನೆಟ್ಟಗೆ ಹೋಗಿ ಕೊಳವೆಯ ಮೇಲಿನ ಪುಟ್ಟ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿ ತಿರುಗಿಸಿದಳು. ಹನಿ ನಿಂತಿತು.

"ಅಕ್ಕಾ! ನೀವು ಲ್ಯಾಬಿನವರು, ಡ್ರಿಪ್ ಮುಟ್ಟೋ ಹಾಗಿಲ್ಲ!"

"ಮುಟ್ಟಿ ಆಯ್ತಲ್ಲ. ಹೋಗು, ಡಾಕ್ಟರಿಗೆ ಹೇಳು. ಬುರ್ಮಾಕಾನ್ ಬಾಟಲಿ ನಿಲ್ಲಿಸಿದಾಳೆ, ಬಿಡಲ್ಲ ಅಂತಿದಾಳೆ ಅನ್ನು. ಚಾಡಿ ಚೆನ್ನಾಗೇ ಹೇಳು, ಓಡಿ ಬರೋ ಹಾಗೆ. ಬರೋವಾಗ ಇಸಿಜಿ ಯಂತ್ರಾನೂ ಎಳ್ಕೊಂಡು ಬಾ."

"ನಿಮ್ಮ ಕೆಲಸ ಹೋಗುತ್ತೆ ಅಕ್ಕ."

"ಹೋದ್ರೆ ಹೋಗ್ಲಿ. ಹುಲ್ಲು ಮೇಯಿಸಕ್ಕೆ ಮನೇಲಿ ನಾಲ್ಕು ಕುರಿ ಇದಾವೆ. ಅವು ನನ್ನ ಲೆಕ್ಕಕ್ಕೆ ನಗಲ್ಲ."

ಆಯಿಮ್‌ಕುಲ್ ಓಡಿದಳು. ಬುರ್ಮಾಕಾನ್ ಶಾಯಿರ್‌ಕಾನಳ ಕಡೆ ತಿರುಗಿದಳು.

"ಅಕ್ಕ, ನೀನೂ ಇದೇ ಜಾಡಿ ನೀರು ಕುಡೀತೀಯಾ?"

"ದಿನಾ. ಅವನಿಗೆ ಒಂದು ಬಟ್ಟಲು, ನನಗೊಂದು ಬಟ್ಟಲು."

"ಹಾಗಾದ್ರೆ ಕೈ ಕೊಡು. ಇವನಿಗೆ ಏಳು ಬಂದಿದ್ದು ನನ್ನ ಕೈತಪ್ಪಿಂದಲೋ ಯಂತ್ರದ ತಪ್ಪಿಂದಲೋ ಆಗಿದ್ರೆ ನಿನಗೂ ಏಳು ಬರ್ಬೇಕು. ಬರದೇ ಇದ್ರೆ ಡಾಕ್ಟರ ಬಾಯಿ ಕಟ್ಟುತ್ತೆ."

ಶಾಯಿರ್‌ಕಾನ್ ಒಂದು ಕ್ಷಣ ಅವಳ ಮುಖವನ್ನೇ ನೋಡಿದಳು. ಆಮೇಲೆ ಗಂಡನ ಕಾಲನ್ನು ನೋಡಿದಳು. ಅವನು ಅದನ್ನು ಎತ್ತಲು ಹೋಗಿ, ಸುಮ್ಮನೆ ಬಿಟ್ಟಿದ್ದ. ಮುದುಕಿ ತೋಳು ಮೇಲೇರಿಸಿ ಕೈ ಚಾಚಿದಳು. "ಎಷ್ಟು ಬೇಕೋ ತಗೋ. ನೀ ಬರೋವರೆಗೆ ಆ ಚಕ್ರ ನಾನು ಹಿಡ್ಕೋತೀನಿ. ಯಾರ್ ಬಂದು ಬಿಡಿಸ್ತಾರೋ ನೋಡೇಬಿಡೋಣ."

ಬುರ್ಮಾಕಾನ್ ಮುದುಕಿಯ ರಕ್ತ ತೆಗೆದು, ತನ್ನ ಕೈಗೂ ತಾನೇ ಚುಚ್ಚಿಕೊಂಡು, ಮೆಟ್ಟಿಲನ್ನು ಎರಡೆರಡಾಗಿ ಇಳಿದಳು. ಐವತ್ತನಾಲ್ಕರ ಮಂಡಿ ಬೈದುಕೊಂಡಿತು. ಬೈದುಕೊಳ್ಳಲಿ. ಯಂತ್ರದ ಮುಂದೆ ನಿಂತಾಗ ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ಮುದುಕಿಗೂ ಏಳು ಬಂದುಬಿಟ್ಟರೆ? ಊರಿನ ಗಾದೆ ಸರಿ, ಡಾಕ್ಟರು ಸರಿ, ತನ್ನ ಇಪ್ಪತ್ತೇಳು ವರ್ಷ ತಪ್ಪು. ಯಂತ್ರ ಗುಂಯ್‌ಗುಟ್ಟಿತು. ಮೊದಲು ಅವಳದು ಬಂತು, ನಂತರ ಮುದುಕಿಯದು. ಎರಡು ಚೀಟಿಗಳನ್ನೂ ಹರಿದುಕೊಂಡು ಅವಳು ಮತ್ತೆ ಮೇಲಕ್ಕೆ ಓಡಿದಳು.

ವಾರ್ಡಿನಲ್ಲಿ ಸಾರಿಬಾಯ್ ಒರ್ಮೊನೊವಿಚ್ ಕೆಂಡವಾಗಿದ್ದರು. ಶಾಯಿರ್‌ಕಾನ್ ಎರಡೂ ಕೈಯಲ್ಲಿ ಕೊಳವೆ ಹಿಡಿದು, ಮಂಚದ ಕಂಬಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಅಮ್ಮಾ, ಬಿಡಿ ಅಂತ ಮರ್ಯಾದೆಯಿಂದ ಹೇಳ್ತಿದೀನಿ!"

"ನಾನೂ ಮರ್ಯಾದೆಯಿಂದಲೇ ಬಿಡಲ್ಲ ಅಂತಿದೀನಿ ಡಾಕ್ಟ್ರೇ."

ಬಾಗಿಲಲ್ಲಿ ಬುರ್ಮಾಕಾನ್ ಕಂಡದ್ದೇ ತಡ, ಅವರು ಅವಳ ಕಡೆ ತಿರುಗಿದರು. "ರಕ್ತ ನೋಡೋಳು ರಕ್ತ ನೋಡ್ಬೇಕು! ಔಷಧಿ ನಿಲ್ಲಿಸಕ್ಕೆ ನೀನ್ಯಾರು? ಯಾವ ಕಾಲೇಜಲ್ಲಿ ಓದಿದೀಯಾ? ಲಿಖಿತವಾಗಿ ವಿವರಣೆ ಕೊಡ್ಬೇಕು ನೀನು, ಇವತ್ತೇ!"

"ಕೊಡ್ತೀನಿ. ಮೊದಲು ಇದು ನೋಡಿ." ಅವಳಿಗೆ ಉಸಿರು ಕಟ್ಟುತ್ತಿತ್ತು. "ಇದು ನಂದು, ನಾಲ್ಕು ಪಾಯಿಂಟ್ ಎರಡು. ಇದು ಶಾಯಿರ್‌ಕಾನಕ್ಕಂದು, ನಾಲ್ಕು ಪಾಯಿಂಟ್ ನಾಲ್ಕು. ಅದೇ ಜಾಡಿ ನೀರು ಕುಡಿದೋಳು. ಅದೇ ಕೈ, ಅದೇ ಯಂತ್ರ, ಅದೇ ಮೆಟ್ಟಿಲು. ಇವರದು ಮಾತ್ರ ಏಳು ಪಾಯಿಂಟ್ ಎರಡು. ಯಂತ್ರಕ್ಕೇನು ಕಲ್ಮುರ್ಜಾ ಅಜ್ಜನ ಮೇಲೆ ಹಗೆಯಾ? ಇನ್ನೂ ನಂಬಿಕೆ ಇಲ್ವಾ? ತೋಳು ಏರಿಸಿ, ನಿಮ್ಮದೂ ತೆಗೀತೀನಿ."

ಅಷ್ಟರಲ್ಲಿ ಆಯಿಮ್‌ಕುಲ್, ಯಾರ ಅಪ್ಪಣೆಗೂ ಕಾಯದೆ, ಅಜ್ಜನ ಎದೆಗೆ ತಂತಿಗಳನ್ನು ಅಂಟಿಸಿ ಇಸಿಜಿ ಚಾಲೂ ಮಾಡಿದ್ದಳು. ಕಾಗದ ಹೊರಬರುತ್ತಿತ್ತು. ಡಾಕ್ಟರು ಬೈಯಲು ಬಾಯಿ ತೆರೆದವರು ಕಾಗದದ ಮೇಲೆ ಕಣ್ಣು ಹಾಯಿಸಿ, ಅದನ್ನು ಕೈಗೆಳೆದುಕೊಂಡರು. ಅಲೆಗಳು ಗುಡಾರದ ಹಾಗೆ ಚೂಪಾಗಿ ಎದ್ದಿದ್ದವು, ಅವುಗಳ ಬುಡ ಅಗಲವಾಗುತ್ತಿತ್ತು, ಪೊಟ್ಯಾಸಿಯಂ ವಿಪರೀತ ಏರಿದ್ದಕ್ಕೆ ಅದೇ ಗುರುತು. ನಾಡಿ ನಿಮಿಷಕ್ಕೆ ನಲವತ್ತೊಂದು. ಅಜ್ಜ ಯಾವಾಗಲೋ ಮಾತು ನಿಲ್ಲಿಸಿದ್ದ, ಯಾರೂ ಗಮನಿಸಿರಲಿಲ್ಲ.

ಹೇಳಿದೆನಲ್ಲ, ಒಳ್ಳೆಯ ವೈದ್ಯರು ಎಂದು. ಅವರು ಒಂದೇ ಒಂದು ಮಾತು ಹೆಚ್ಚಿಗೆ ಆಡಲಿಲ್ಲ.

"ಬಾಟಲಿ ಕಿತ್ತು ಬಿಸಾಕು. ಕ್ಯಾಲ್ಸಿಯಂ, ಹತ್ತು ಎಂ.ಎಲ್., ಬೇಗ! ನಲವತ್ತು ಪರ್ಸೆಂಟ್ ಗ್ಲೂಕೋಸ್ ತಾ, ಇನ್ಸುಲಿನ್ ತಾ!"

ಹೃದಯಕ್ಕೆ ಕಾವಲಾಗುವ ಕ್ಯಾಲ್ಸಿಯಮ್ಮನ್ನು ತಾವೇ ಕೂತು, ಗಡಿಯಾರ ನೋಡುತ್ತ, ನಿಧಾನವಾಗಿ ನರಕ್ಕೆ ಬಿಟ್ಟರು. ಹಣೆಯಿಂದ ಬೆವರು ಕನ್ನಡಕದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಸಿರಿಂಜ್ ಖಾಲಿಯಾಯಿತು. ಮುಂದಿನ ಮೂರು ನಿಮಿಷ ಯಾರೂ ಯಾರ ಮುಖವನ್ನೂ ನೋಡಲಿಲ್ಲ, ಎಲ್ಲರೂ ಆ ಕಾಗದವನ್ನು ನೋಡಿದರು. ಅಗಲವಾಗಿದ್ದ ಅಲೆ ಒಂದೊಂದಾಗಿ ಕಿರಿದಾಯಿತು. ನಾಡಿ ಐವತ್ತಕ್ಕೆ ಬಂತು, ಐವತ್ತೆಂಟಕ್ಕೆ ಬಂತು. ಇನ್ಸುಲಿನ್, ಗ್ಲೂಕೋಸ್ ಒಟ್ಟಿಗೆ ಹೋದವು. ಶಾಯಿರ್‌ಕಾನ್ ಇನ್ನೂ ಕಿತ್ತ ಕೊಳವೆಯನ್ನೇ ಹಿಡಿದು ನಿಂತಿದ್ದಳು.

"ಇದೇನು ಎಲ್ರೂ ನನ್ನ ಸುತ್ತ ನಿಂತಿದೀರಿ? ಸತ್ತೋದ್ನಾ?" ಎಂದ ಅಜ್ಜ.

"ಇಲ್ಲ ಕಣೋ, ಬಿಡ್ಲಿಲ್ಲ ನಿನ್ನ," ಎಂದು ಶಾಯಿರ್‌ಕಾನ್ ಜೋರಾಗಿ ಅತ್ತಳು.

ಆ ದಿನ ಬುರ್ಮಾಕಾನ್ ಗಂಟೆಗೊಮ್ಮೆ ಮೆಟ್ಟಿಲು ಹತ್ತಿ ಇಳಿದಳು. 6.4. 6.0. ಮೂತ್ರ ಇಳಿಯತೊಡಗಿತು, 5.6. ಮಂಗಳವಾರ ಬೆಳಿಗ್ಗೆ 4.9. ಅಜ್ಜ ಕಾಲೆತ್ತಿ ತೋರಿಸಿದ, ಅಷ್ಟೇ ಅಲ್ಲ, ಹಾಸಿಗೆಯನ್ನು ಒದ್ದೂ ತೋರಿಸಿದ. ಚೀಲಗಳನ್ನೆಲ್ಲ ಶಾಯಿರ್‌ಕಾನ್ ಪಕ್ಕದ ಹೆರಿಗೆ ವಾರ್ಡಿಗೆ ಹಂಚಿಬಿಟ್ಟಿದ್ದಳು.

ಮಂಗಳವಾರ ಮಧ್ಯಾಹ್ನ ಡಾಕ್ಟರ ಕೋಣೆಗೆ ಕರೆ ಬಂತು. ಸಾರಿಬಾಯ್ ಒರ್ಮೊನೊವಿಚ್ ಬಾಗಿಲು ಮುಚ್ಚಿ, ತಾವೇ ಕೈಯಾರೆ ಅವಳಿಗೆ ಚಹಾ ಬಗ್ಗಿಸಿದರು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ. ಚಹಾ ಕಂಡ ಕೂಡಲೇ ಅವಳಿಗೆ ಅನುಮಾನ ಬಂತು.

"ನೋಡು ಬುರ್ಮಾಕಾನ್. ನೀನು ಒಳ್ಳೇದೇ ಮಾಡಿದೆ. ಆದ್ರೆ ಲ್ಯಾಬಿನವಳು ಡ್ರಿಪ್ ಮುಟ್ಟಿದ್ದು ಇಡೀ ವಾರ್ಡು ನೋಡಿದೆ. ನಾಳೆ ತಪಾಸಣೆಯವರು ಕೇಳಿಯೇ ಕೇಳ್ತಾರೆ. ವಿವರಣೆ ಪತ್ರದಲ್ಲಿ ಹೀಗೆ ಬರಿ: ರಕ್ತ ತೆಗೆಯುವಾಗ ಕೈ ತಾಗಿ ಚಕ್ರ ತಿರುಗಿತು. ಅಷ್ಟೇ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ನಿನ್ನ ಮೇಲೆ ಯಾವ ಕ್ರಮಾನೂ ಇಲ್ಲ."

"ಇನ್ನೊಂದು ರೀತಿ ಬರೆದ್ರೆ?"

"ಎಚ್ಚರಿಕೆ ಪತ್ರ ಕೊಡ್ಬೇಕಾಗುತ್ತೆ. ವರ್ಷದ ಬೋನಸ್ ಹೋಗುತ್ತೆ." ಅವರು ಮುಂದಿದ್ದ ಕಡತವನ್ನು ಮುಚ್ಚಿದರು. "ನನಗೂ ಕಷ್ಟ. ಲೆಕ್ಕ ನೋಡದೆ ಬಾಟಲಿ ಯಾಕೆ ಹಾಕಿಸ್ತಿದ್ದೆ ಅಂತ ಕೇಳ್ತಾರೆ."

ಬುರ್ಮಾಕಾನ್ ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಈ ಮನುಷ್ಯನ ಮೇಲೆ ಅವಳಿಗೆ ಗೌರವವಿತ್ತು, ನಿನ್ನೆಯಿಂದ ಅದು ಹೆಚ್ಚೇ ಆಗಿತ್ತು. ಆದರೆ ಪಕ್ಕದ ಐದನೇ ವಾರ್ಡಿನಲ್ಲಿ ಇಬ್ಬರು ಹೃದಯಾಘಾತದವರು ಮಲಗಿದ್ದರು. ಇವತ್ತು ಹತ್ತು ಗಂಟೆಗೆ ಅವರಿಗೂ ಬಾಟಲಿ ಏರಿತ್ತು, ಲೆಕ್ಕ ಯಾರೂ ಕೇಳಿರಲಿಲ್ಲ. ಕೈ ತಾಗಿ ತಿರುಗಿತು ಎಂದು ಬರೆದುಕೊಟ್ಟರೆ ನಾಳೆಯೂ ಏರುತ್ತದೆ, ನಾಡಿದ್ದೂ ಏರುತ್ತದೆ. ಅಲ್ಲಿ ಯಾರ ಕೈ ತಾಗುತ್ತದೆ?

"ಕಾಗದ ಕೊಡಿ," ಎಂದಳು.

ಅವರು ಸಮಾಧಾನದ ಉಸಿರುಬಿಟ್ಟು ಕಾಗದವನ್ನೂ ಪೆನ್ನನ್ನೂ ಮುಂದಕ್ಕೆ ತಳ್ಳಿದರು. ಅವಳು ಬಗ್ಗಿ, ಶಾಲೆಯ ಹುಡುಗಿಯ ಹಾಗೆ ದುಂಡಗೆ, ಅವಸರವಿಲ್ಲದೆ ಬರೆದಳು. ಒಂದು ಹಾಳೆ ಮುಗಿಸಿ ಇನ್ನೊಂದನ್ನು ತೆಗೆದುಕೊಂಡು ಅದನ್ನೇ ಮತ್ತೆ ಬರೆದಳು. ಎರಡನ್ನೂ ಅವರ ಕಡೆ ತಿರುಗಿಸಿ ಇಟ್ಟಳು.

'ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಕಲ್ಮುರ್ಜಾ ಅವರಿಗೆ ಪೊಟ್ಯಾಸಿಯಂ 7.2 ಇದ್ದಾಗ ಪೊಟ್ಯಾಸಿಯಂ ಬಾಟಲಿ ಹಾಕಲಾಯಿತು. ನಾನು ಅದನ್ನು ನಿಲ್ಲಿಸಿದೆ. ಕೈ ತಾಗಿ ಅಲ್ಲ, ಬೇಕೆಂದೇ ನಿಲ್ಲಿಸಿದೆ. ಐದನೇ ವಾರ್ಡಿನ ಇಬ್ಬರ ಲೆಕ್ಕವನ್ನೂ ಇವತ್ತು ನಾನಾಗಿಯೇ ನೋಡುತ್ತೇನೆ. ಹೆಚ್ಚಿದ್ದರೆ ಅದನ್ನೂ ನಿಲ್ಲಿಸುತ್ತೇನೆ.'

ಅವರು ಓದಿದರು. ಮತ್ತೊಮ್ಮೆ ಓದಿದರು. ಕಿವಿಯ ತುದಿ ಕೆಂಪಾಯಿತು.

"ಹುಚ್ಚು ಹಿಡಿದಿದೆಯಾ ನಿಂಗೆ? ಎರಡು ಯಾಕೆ ಬರೆದೆ?"

"ಒಂದು ನಿಮ್ಮ ಕಡತಕ್ಕೆ. ಇನ್ನೊಂದು ನನಗೆ, ನೀವು ಸಹಿ ಹಾಕಿದ್ದು. ನಾಳೆ ಬರೋರು ನನ್ನನ್ನೂ ಕೇಳ್ಬಹುದಲ್ಲ." ಅವಳು ಎದ್ದು ನಿಂತು ಕೈ ಚಾಚಿದಳು. "ಎಚ್ಚರಿಕೆ ಪತ್ರ ಎಷ್ಟು ಬೇಕಾದ್ರೂ ಕೊಡಿ ಸಾರಿಬಾಯ್ ಒರ್ಮೊನೊವಿಚ್, ಗೋಡೆಗೆ ಅಂಟಿಸ್ಕೋತೀನಿ. ಸಹಿ ಹಾಕದೆ ಮಾತ್ರ ಈ ಕೋಣೆಯಿಂದ ಕದಲಲ್ಲ."

ಅವರು ಕಿಟಕಿಯ ಕಡೆ ನೋಡಿದರು, ಬಾಗಿಲ ಕಡೆ ನೋಡಿದರು, ಮೇಜಿನ ಮೇಲಿದ್ದ ಆ ದುಂಡಗಿನ ಅಕ್ಷರಗಳನ್ನು ನೋಡಿದರು. ಅವಳ ಕೈ ಚಾಚಿದ್ದು ಚಾಚಿದಂತೆಯೇ ಇತ್ತು. ಕೊನೆಗೆ ಪೆನ್ನು ಎತ್ತಿಕೊಂಡರು.

"ಐದನೇ ವಾರ್ಡಿನವರ ಲೆಕ್ಕ ನೋಡಿ ಮೊದಲು ನನಗೆ ತಂದುಕೊಡು. ನಾಳೆಯ ಬಾಟಲಿ ಆಮೇಲೆ," ಎಂದರು ತಲೆ ಎತ್ತದೆ, ಸಹಿ ಹಾಕಿದರು.